ಕಾರ್ಯಪ್ಪನವರು ‘ಕಿಪ್ಪರ್’ ಆದದ್ದು

ನಮ್ಮ ಕನಕಪುರ ಸೀಮೆಯಲ್ಲಿ ಕರಿಯಪ್ಪ ಎಂದರೆ ಜನರಿಗೆ ಮೊದಲು ನೆನಪಾಗುವವರು ಹಳ್ಳಿಯ ಮಕ್ಕಳ ವಿದ್ಯೆಗಾಗಿ ದುಡಿದ ಎಸ್. ಕರಿಯಪ್ಪನವರು. ಹಾಗಾಗಿ ಜನವರಿ 15ರ ಸೇನಾ ದಿನದಂದು ನಾನು ತರಗತಿಯಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಾತೆತ್ತಿದರೆ, ಇವರು ನಮ್ಮ ಕಡೆಯವರೇ ಇರಬೇಕೆಂದು ಕೆಲವು ಹುಡುಗರು ಹಿಗ್ಗುತ್ತಿದ್ದರು. ಅಲ್ಲ, ಕೊಡಗಿನವರು ಎಂದು ತಿಳಿಸಿ ಪಾಠ ಮುಂದುವರಿಸುತ್ತಿದ್ದೆ. ಪದಕ, ಪದವಿಗಳ ವಿಷಯ ಮಕ್ಕಳ ತಲೆಯಲ್ಲಿ ಹೆಚ್ಚು ದಿನ ನಿಲ್ಲುತ್ತಿರಲಿಲ್ಲ. ಸೈನ್ಯದಲ್ಲಿ ಅವರಿಗೆ ಅಂಟಿಕೊಂಡ ಹೆಸರಿನ ಕಥೆ ಮಾತ್ರ ಮರೆಯುತ್ತಿರಲಿಲ್ಲ. ಈ ಸಂಚಿಕೆಗೆ ಅದನ್ನೇ ಬರೆಯುತ್ತಿದ್ದೇನೆ.

ಕೊಡಂದೇರ ಮಾದಪ್ಪ ಕಾರ್ಯಪ್ಪನವರು ಹುಟ್ಟಿದ್ದು ಕೊಡಗಿನ ಶನಿವಾರಸಂತೆಯಲ್ಲಿ. ತಂದೆ ಕಂದಾಯ ಇಲಾಖೆಯಲ್ಲಿದ್ದರು. ಮನೆಯವರು, ನೆಂಟರು ಹುಡುಗನನ್ನು ಚಿಮ್ಮ ಎಂದು ಕರೆಯುತ್ತಿದ್ದರು. ಮಡಿಕೇರಿಯಲ್ಲಿ ಶಾಲೆ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಮುಂದಿನ ಓದು. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ, ಭಾರತೀಯರನ್ನೂ ಪೂರ್ಣ ದರ್ಜೆಯ ಅಧಿಕಾರಿಗಳಾಗಿ ಸೇರಿಸಿಕೊಳ್ಳಬೇಕೆಂಬ ಒತ್ತಾಯಕ್ಕೆ ಬ್ರಿಟಿಷ್ ಸರ್ಕಾರ ಸ್ವಲ್ಪ ಮಣಿಯಿತು. ಇಂದೂರಿನ ಡೇಲಿ ಕಾಲೇಜಿನಲ್ಲಿ ತರಬೇತಿ ಪಡೆದ ಆ ಮೊದಲ ಗುಂಪಿನಲ್ಲಿ ಕಾರ್ಯಪ್ಪನವರೂ ಇದ್ದರು. 1919ರ ಡಿಸೆಂಬರಿನಲ್ಲಿ ಅಧಿಕಾರಿಯಾದರು. ಸ್ವಲ್ಪ ಕಾಲ ಇಂದಿನ ಇರಾಕಿನಲ್ಲಿ ಕೆಲಸ ಮಾಡಿ ಬಂದು, ಕೊನೆಗೆ ರಜಪೂತ್ ರೆಜಿಮೆಂಟಿನಲ್ಲಿ ನೆಲೆ ನಿಂತರು.

ಆ ರೆಜಿಮೆಂಟಿನ ನೆಲೆ ಉತ್ತರ ಪ್ರದೇಶದ ಫತೇಗಢ, ಗಂಗೆಯ ದಡದ ಊರು. ಅಧಿಕಾರಿಗಳ ಮೆಸ್ಸಿನಲ್ಲಿ ಹೆಚ್ಚಿನವರು ಬಿಳಿಯರು. ಅಲ್ಲಿದ್ದ ಒಬ್ಬ ಬ್ರಿಟಿಷ್ ಅಧಿಕಾರಿಯ ಹೆಂಡತಿಗೆ ಕಾರ್ಯಪ್ಪ ಎಂಬ ಹೆಸರು ನಾಲಿಗೆಯಲ್ಲಿ ತಿರುಗಲಿಲ್ಲ. ಆಕೆ ಅದನ್ನು ಕಿಪ್ಪರ್ ಎಂದು ಮಾಡಿಕೊಂಡರು. ಇಂಗ್ಲಿಷಿನಲ್ಲಿ ಕಿಪ್ಪರ್ ಅಂದರೆ ಹೊಗೆ ಹಿಡಿಸಿದ ಒಂದು ಬಗೆಯ ಮೀನು, ಅಲ್ಲಿನವರ ಬೆಳಗಿನ ತಿಂಡಿ. ನಮ್ಮ ಸಂತೆಯ ಒಣಮೀನಿನ ದಾಯಾದಿ ಎನ್ನಿ. ಇಲ್ಲಿಗೆ ಬಂದಾಗ ತರಗತಿಯಲ್ಲಿ ನಗು ತಡೆಯುವುದು ಕಷ್ಟವಾಗುತ್ತಿತ್ತು.

ನಗುವ ಮಾತು ಸರಿ. ಆದರೆ ನನಗೆ ಇದು ಬರೀ ತಮಾಷೆಯಾಗಿ ಕಂಡಿಲ್ಲ. ನಮ್ಮ ಊರುಗಳಲ್ಲೂ ಹೆಸರು ಮೊಟಕಾಗುತ್ತದೆ, ಶಿವಲಿಂಗೇಗೌಡ ಶಿವಲಿಂಗನಾಗುತ್ತಾನೆ. ಸೈನ್ಯದಿಂದ ಬಂದವನ ಹೆಸರಿನ ಹಿಂದೆ ಮಿಲ್ಟ್ರಿ ಸೇರಿಕೊಂಡು, ಮೊಮ್ಮಕ್ಕಳ ಕಾಲಕ್ಕೂ ಅದು ಮಿಲ್ಟ್ರಿಯವರ ಮನೆಯಾಗಿಯೇ ಉಳಿಯುತ್ತದೆ. ಅದು ಸಲಿಗೆಯಿಂದ ಬಂದದ್ದು. ಆಳುವವರು ಆಳಿಸಿಕೊಳ್ಳುವವನ ಹೆಸರನ್ನು ಕಲಿಯುವ ಗೋಜಿಗೇ ಹೋಗದೆ ಬೇರೊಂದು ಇಡುವುದು ಅಷ್ಟು ಸಲೀಸಾದ ಸಂಗತಿಯಲ್ಲ. ಭಾರತೀಯ ಅಧಿಕಾರಿಗಳಿಗೆ ಕೆಲವು ಕ್ಲಬ್ಬುಗಳ ಬಾಗಿಲೇ ತೆರೆಯದಿದ್ದ ಕಾಲ ಅದು. ಕಾರ್ಯಪ್ಪನವರು ಮಾತ್ರ ಆ ಹೆಸರನ್ನು ಕೊಡವಿ ಹಾಕಲಿಲ್ಲ. ಜೊತೆಯವರು ಪ್ರೀತಿಯಿಂದಲೇ ಹಾಗೆ ಕರೆದರು, ಅವರೂ ಓಗೊಟ್ಟರು.

ಮೆಸ್ಸಿನ ಆ ಕಿಪ್ಪರ್ 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಸೇರಿದ ಮೊದಲ ಭಾರತೀಯ ಅಧಿಕಾರಿ. 1942ರಲ್ಲಿ ಒಂದು ಬೆಟಾಲಿಯನ್ನಿನ ಮುಖ್ಯಸ್ಥರಾದ ಮೊದಲ ಭಾರತೀಯರೂ ಅವರೇ. ಸ್ವಾತಂತ್ರ್ಯದ ಜೊತೆಗೆ ದೇಶ ಎರಡಾದಾಗ ಸೈನ್ಯವೂ ಎರಡಾಯಿತು, ಅವರನ್ನು ಕಿಪ್ಪರ್ ಎಂದು ಬಲ್ಲವರು ಗಡಿಯ ಎರಡೂ ಕಡೆ ಹಂಚಿಹೋದರು. ಕಾಶ್ಮೀರದ ಯುದ್ಧದಲ್ಲಿ ಪಶ್ಚಿಮದ ಸೇನೆಯನ್ನು ನಡೆಸಿದವರು ಇವರು. ಜೋಜಿಲಾ ಕಣಿವೆ, ಕಾರ್ಗಿಲ್ ಮತ್ತೆ ನಮ್ಮ ಕೈಸೇರಿ ಲೇಹ್‌ಗೆ ದಾರಿ ತೆರೆದದ್ದು ಆಗಲೇ. 1949ರ ಜನವರಿ 15ರಂದು ಜನರಲ್ ರಾಯ್ ಬುಚರ್ ಅವರಿಂದ ಅಧಿಕಾರ ವಹಿಸಿಕೊಂಡು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ನಾಲ್ಕು ವರ್ಷದ ಬಳಿಕ ನಿವೃತ್ತಿ, ನಂತರ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ ಭಾರತದ ಹೈಕಮಿಷನರ್.

1965ರ ಯುದ್ಧದಲ್ಲಿ ವಾಯುಪಡೆಯಲ್ಲಿದ್ದ ಅವರ ಮಗ ಪಾಕಿಸ್ತಾನದ ಸೆರೆಯಾದರು. ಹಿಂದೆ ಕಾರ್ಯಪ್ಪನವರ ಕೈಕೆಳಗೆ ದುಡಿದಿದ್ದ ಅಯೂಬ್ ಖಾನ್ ಆಗ ಅಲ್ಲಿನ ಅಧ್ಯಕ್ಷ. ಬಿಡುಗಡೆಯ ಮಾತು ಬಂದಾಗ, ಸೆರೆಯಲ್ಲಿರುವ ಎಲ್ಲ ಸೈನಿಕರೂ ತಮ್ಮ ಮಕ್ಕಳೇ, ಒಬ್ಬನಿಗೆ ವಿಶೇಷ ಬೇಡ ಎಂದು ತಂದೆ ತಿಳಿಸಿದರೆಂಬುದು ಹೆಸರಾದ ಸಂಗತಿ.

ಅಡ್ಡಹೆಸರು ಇವರೊಬ್ಬರದಲ್ಲ. ಅದೇ ಕೊಡಂದೇರ ಮನೆತನದ ಜನರಲ್ ತಿಮ್ಮಯ್ಯನವರು ಸೈನ್ಯದಲ್ಲಿ ಟಿಮ್ಮಿ. ಅವರೂ ಮುಂದೆ ಸೇನೆಯ ಮುಖ್ಯಸ್ಥರಾಗಿ, ವಿಶ್ವಸಂಸ್ಥೆಯ ಶಾಂತಿಪಡೆಯ ನಾಯಕರಾಗಿದ್ದಾಗ 1965ರಲ್ಲಿ ಸೈಪ್ರಸ್‌ನಲ್ಲಿ ತೀರಿಕೊಂಡರು. ಇನ್ನು ಮಾಣೆಕ್ ಶಾ ಅವರದು ಕಿಪ್ಪರ್ ಕಥೆಗೆ ತಿರುವುಮುರುವು. ಅವರ ಪಾರ್ಸಿ ಹೆಸರು ತನಗೆ ಸರಿಯಾಗಿ ಗೊತ್ತಿಲ್ಲದ ಒಬ್ಬ ಗೂರ್ಖಾ ಸಿಪಾಯಿ, ತನ್ನವರ ಹೆಸರಿನ ಬಹಾದ್ದೂರ್ ಅನ್ನೇ ಸೇರಿಸಿ ಸ್ಯಾಮ್ ಬಹಾದ್ದೂರ್ ಎಂದುಬಿಟ್ಟನಂತೆ. ಒಂದು ಹೆಸರು ಮೇಲಿನವರು ಕೊಟ್ಟದ್ದು, ಇನ್ನೊಂದು ಸಿಪಾಯಿ ಕೊಟ್ಟದ್ದು. ನನ್ನನ್ನು ಕೇಳಿದರೆ ಎರಡನೆಯದೇ ಹೆಚ್ಚು ಬೆಲೆಯದು. ನಮ್ಮ ಭೂಸೇನೆಯಲ್ಲಿ ಈವರೆಗೆ ಫೀಲ್ಡ್ ಮಾರ್ಷಲ್ ಆದವರು ಈ ಇಬ್ಬರೇ. ಮಾಣೆಕ್ ಶಾ ಅವರಿಗೆ 1973ರಲ್ಲಿ, ಕಾರ್ಯಪ್ಪನವರಿಗೆ ನಿವೃತ್ತಿಯಾಗಿ ಮೂವತ್ತಕ್ಕೂ ಹೆಚ್ಚು ವರ್ಷದ ಮೇಲೆ, 1986ರಲ್ಲಿ ಆ ಗೌರವ ಬಂತು.

ಕಾರ್ಯಪ್ಪನವರು ಕೊನೆಗಾಲವನ್ನು ಹೆಚ್ಚಾಗಿ ಮಡಿಕೇರಿಯ ರೋಶನಾರಾ ಎಂಬ ತಮ್ಮ ಮನೆಯಲ್ಲಿ ಕಳೆದರು. ಮಾಜಿ ಸೈನಿಕರ ಕಷ್ಟಸುಖಕ್ಕಾಗಿ ಓಡಾಡಿದರು. 1993ರ ಮೇ 15ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಎರಡು ದಿನದ ನಂತರ ಮಡಿಕೇರಿಯಲ್ಲಿ ಅಂತ್ಯಕ್ರಿಯೆ ನಡೆದಾಗ ಮೂರೂ ಸೇನೆಗಳ ಮುಖ್ಯಸ್ಥರಿದ್ದರು, ಸ್ಯಾಮ್ ಬಹಾದ್ದೂರ್ ಕೂಡ ಬಂದಿದ್ದರು.