ಹಳಗನ್ನಡದೊಳಗೆ ಕನ್ನಡ ಹುಡುಕಿದ ಕಿಟೆಲ್

ಸಿ ಪ್ರೋಗ್ರಾಮಿಂಗ್ ಕಲಿಯುವ ಎಲ್ಲರಿಗೂ ಪರಿಚಯವಾಗುವ ಫಂಕ್ಷನ್ 'ಸ್ಟ್ರ್‌ಸ್ಟ್ರ್'. ಒಂದು ಉದ್ದದ ಸ್ಟ್ರಿಂಗ್, ಅದರಲ್ಲಿ ಹುಡುಕಬೇಕಾದ ಒಂದು ಸಣ್ಣ ಸ್ಟ್ರಿಂಗ್ ಕೊಟ್ಟರೆ, ಸಣ್ಣದು ಮೊದಲು ಸಿಕ್ಕ ಜಾಗದ ಪಾಯಿಂಟರ್ ಕೊಡುತ್ತದೆ. ಸಿಗದಿದ್ದರೆ ನಲ್. ನಮ್ಮ ಹಳೇ ಬೆಂಗಳೂರಿನ ಬಡಾವಣೆಗಳ ಹೆಸರನ್ನೇ ಕೊಟ್ಟು ನೋಡಿ. 'ಬಸವನಗುಡಿ'ಯಲ್ಲಿ 'ಗುಡಿ' ಸಿಗುತ್ತದೆ. 'ಚಾಮರಾಜಪೇಟೆ'ಯಲ್ಲಿ 'ಪೇಟೆ' ಸಿಗುತ್ತದೆ. ಆದರೆ 'ಮಲ್ಲೇಶ್ವರ'ದಲ್ಲಿ 'ಈಶ್ವರ' ಸಿಗುವುದಿಲ್ಲ. ಇನ್ನೂ ಸೋಜಿಗವೆಂದರೆ, 'ಹಳಗನ್ನಡ'ದಲ್ಲಿ 'ಕನ್ನಡ'ವೇ ಇಲ್ಲ ಎನ್ನುತ್ತದೆ; 'ಕಾಲೇಜು' ಎಂಬ ಪದದಲ್ಲಿ ಮಾತ್ರ 'ಕಾಲ' ಇದೆ ಎನ್ನುತ್ತದೆ!

ಕಂಪ್ಯೂಟರಿನ ತಪ್ಪೇನಿಲ್ಲ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರ ಅಥವಾ ಚಿಹ್ನೆಗೂ ಮೂರು ಬೈಟ್. 'ಕನ್ನಡ' ಎಂಬ ಪದಕ್ಕೆ ಒಟ್ಟು 15 ಬೈಟ್. ಸ್ಟ್ರ್‌ಸ್ಟ್ರ್ ಈ ಬೈಟ್‌ಗಳನ್ನು ಹೋಲಿಸುತ್ತದೆ, ಅಷ್ಟೇ. ಭಾಷೆ ಅದಕ್ಕೆ ಗೊತ್ತಿಲ್ಲ. ಭಾಷೆ ಗೊತ್ತಿಲ್ಲದೇ ಈ ನಾಡಿಗೆ ಬಂದು, ಆಮೇಲೆ ಕನ್ನಡದ ಪದಗಳನ್ನು ಹುಡುಕುವುದರಲ್ಲೇ ಆಯುಷ್ಯ ಕಳೆದ ಒಬ್ಬರ ಕಥೆ ಇಲ್ಲಿ ನೆನಪಾಗುತ್ತದೆ. ಅವರೇ ರೆವರೆಂಡ್ ಫರ್ಡಿನಾಂಡ್ ಕಿಟೆಲ್.

ಕಿಟೆಲ್ ಹುಟ್ಟಿದ್ದು 1832ರ ಏಪ್ರಿಲ್ 7ರಂದು, ಉತ್ತರ ಜರ್ಮನಿಯ ರೆಸ್ಟರ್‌ಹಾಫೆ ಎಂಬ ಊರಿನಲ್ಲಿ. ತಂದೆ ಪಾದ್ರಿ. ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಪ್ರಕಟವಾಗಿದ್ದೂ ಅದೇ ವರ್ಷ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನಲ್ಲಿ ತರಬೇತಿ ಪಡೆದ ಕಿಟೆಲ್ 1853ರಲ್ಲಿ ಭಾರತಕ್ಕೆ ಬಂದರು. ಆಗ ಅವರಿಗೆ 21 ವರ್ಷ, ಹೆಚ್ಚುಕಡಿಮೆ ನಮ್ಮದೇ ವಯಸ್ಸು. ಬಂದ ಕೆಲಸ ಧರ್ಮಪ್ರಚಾರ. ಆದರೆ ಧಾರವಾಡದ ಕಡೆಯ ಜನರ ಮಾತು ಕೇಳುತ್ತಾ ಕೇಳುತ್ತಾ ಅವರ ಮನಸ್ಸು ಕನ್ನಡದ ಮೇಲೆಯೇ ನಿಂತಿತು. ಪ್ರಚಾರಕ್ಕಿಂತ ಭಾಷೆಗೆ ಹೆಚ್ಚು ಸಮಯ ಕೊಡುವ ಈ ಯುವಕ ಮಿಷನ್ನಿನ ಹಿರಿಯರಿಗೆ ಅಷ್ಟಾಗಿ ಹಿಡಿಸಲಿಲ್ಲ. ಧಾರವಾಡ, ಮಂಗಳೂರು, ಮಡಿಕೇರಿ ಎಂದು ಊರೂರು ಬದಲಾಯಿತು. ಮೊದಲ ಪತ್ನಿ ಪೌಲಿನ್ 1864ರಲ್ಲಿ ತೀರಿಕೊಂಡರು. ಮುಂದೆ ಆಕೆಯ ಸಹೋದರಿ ಜೂಲಿಯವರನ್ನು ಮದುವೆಯಾದರು. ಕನ್ನಡದ ಕೆಲಸ ಮಾತ್ರ ನಿಲ್ಲಲಿಲ್ಲ.

ಆ ಕೆಲಸವನ್ನು ಅವರು ಮಾಡಿದ ಕ್ರಮವನ್ನು ನಾವು ಗಮನಿಸಬೇಕು. ನಿಘಂಟು ಮುಗಿಸುವ ಎಷ್ಟೋ ವರ್ಷ ಮೊದಲೇ, 1872ರಲ್ಲಿ, ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು ಸಂಪಾದಿಸಿ ಪ್ರಕಟಿಸಿದರು. ಅದು 13ನೇ ಶತಮಾನದ ಕನ್ನಡ ವ್ಯಾಕರಣ. 1875ರಲ್ಲಿ ನಾಗವರ್ಮನ 'ಛಂದೋಂಬುಧಿ' ಬಂತು. ಅಂದರೆ ಪದಗಳು ಹೇಗೆ ಕೂಡುತ್ತವೆ, ಹೇಗೆ ರೂಪ ಬದಲಿಸುತ್ತವೆ, ಪದ್ಯದಲ್ಲಿ ಎಲ್ಲಿ ತುಂಡಾಗುತ್ತವೆ ಎಂಬುದು ಮೊದಲು. ಪದಗಳ ಪಟ್ಟಿ ಆಮೇಲೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಮೊದಲು ಲಾಜಿಕ್, ಆಮೇಲೆ ಡೇಟಾ.

ಹೈಸ್ಕೂಲಿನಲ್ಲಿ ಓದಿದ ಆದೇಶ ಸಂಧಿ ನೆನಪಿದೆಯಲ್ಲ? ಎರಡು ಪದ ಕೂಡುವಾಗ ಎರಡನೆಯ ಪದದ ಮೊದಲ ಕ, ತ, ಪ ಅಕ್ಷರಗಳಿಗೆ ಗ, ದ, ಬ ಬರುತ್ತವೆ. ಹಳೆ-ಕನ್ನಡ ಹಳಗನ್ನಡ ಆಯಿತು. ಮಳೆ-ಕಾಲ ಮಳೆಗಾಲ ಆಯಿತು. ಬೆಟ್ಟ-ತಾವರೆ ಬೆಟ್ಟದಾವರೆ ಆಯಿತು. ಹಳೆಯ ಓಲೆಗರಿಗಳನ್ನು ಓದುವವರಿಗೆ ಈ ನಿಯಮ ಗೊತ್ತಿರದಿದ್ದರೆ ಗನ್ನಡ, ಗಾಲ, ದಾವರೆ ಎಂಬ ಇಲ್ಲದ ಪದಗಳೇ ನಿಘಂಟಿಗೆ ಸೇರಿಬಿಡುತ್ತಿದ್ದವು.

ಈಗ ಒಂದು ಖುಷಿಯ ವಿಷಯ. ನಮ್ಮ ವರ್ಣಮಾಲೆಯಲ್ಲಿ ಕ, ಖ, ಗ ಎಂದು ಎಣಿಸಿದರೆ ಕಕಾರದಿಂದ ಗಕಾರಕ್ಕೆ ಎರಡು ಹೆಜ್ಜೆ. ತಕಾರದಿಂದ ದಕಾರಕ್ಕೂ, ಪಕಾರದಿಂದ ಬಕಾರಕ್ಕೂ ಅಷ್ಟೇ. ಯೂನಿಕೋಡ್ ಅದೇ ಕ್ರಮವನ್ನು ಉಳಿಸಿಕೊಂಡಿದೆ. ಹಾಗಾಗಿ ಹುಡುಕುವ ಪದ ಈ ಮೂರು ಅಕ್ಷರಗಳಲ್ಲೊಂದರಿಂದ ಶುರುವಾದರೆ, ಅದರ ಮೂರನೇ ಬೈಟ್‌ಗೆ 2 ಕೂಡಿಸಿ ಇನ್ನೊಮ್ಮೆ ಸ್ಟ್ರ್‌ಸ್ಟ್ರ್ ಕರೆದರೆ ಸಾಕು, ಹಳಗನ್ನಡದಲ್ಲಿ ಕನ್ನಡ ಸಿಗುತ್ತದೆ! ಕೇಶಿರಾಜನ ಕಾಲದ ವ್ಯಾಕರಣ ಒಂದೇ ಸಾಲಿನ ಕೋಡ್ ಆಗುತ್ತದೆ.

ಆದರೆ ಅಲ್ಲಿಗೆ ಮುಗಿಯಲಿಲ್ಲ. 'ಪಾಳು' ಎಂದು ಹುಡುಕಿದರೆ ಇದೇ ಕೋಡ್ 'ಬಾಳು' ಎಂಬ ಪದವನ್ನೂ ಹಿಡಿದು ತರುತ್ತದೆ. ಎರಡೂ ಒಂದೇ ಅಲ್ಲ ಎಂದು ಹೇಳಲು ನಿಯಮ ಸಾಲದು, ಪದಸಂಪತ್ತು ಬೇಕು. ಅದನ್ನೇ ಕಿಟೆಲ್ ವರ್ಷಗಟ್ಟಲೆ ಕೂಡಿಸಿದರು. ಕಾವ್ಯಗಳಿಂದ, ಗಾದೆಗಳಿಂದ, ಜನರ ಬಾಯಿಂದ ಪದಗಳನ್ನು ಆಯ್ದರು. ಪದ ಬಳಕೆಯಾದ ಕಡೆಯನ್ನೂ, ತಮಿಳು, ತೆಲುಗು, ಮಲಯಾಳ, ತುಳುವಿನ ಸಂಬಂಧಿ ಪದಗಳನ್ನೂ ಗುರುತಿಸಿದರು. ನಡುವೆ ಜರ್ಮನಿಗೆ ಮರಳಿದವರು ನಿಘಂಟಿಗಾಗಿ ಮತ್ತೆ ಇಲ್ಲಿಗೆ ಬಂದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದಾಗ ಅವರಿಗೆ 62 ವರ್ಷ. ಕಂಪ್ಯೂಟರ್ ಇಲ್ಲ, ಕಾಪಿ-ಪೇಸ್ಟ್ ಇಲ್ಲ, ಎಲ್ಲವೂ ಕೈಬರಹ. ಅಕಾರಾದಿಯಲ್ಲಿ ಜೋಡಿಸಿದ ಅಷ್ಟು ಪದಗಳಲ್ಲಿ ಬೇಕಾದ ಒಂದನ್ನು ಬೈನರಿ ಸರ್ಚ್‌ನಿಂದ ಹೆಚ್ಚೆಂದರೆ 17 ಹೋಲಿಕೆಗಳಲ್ಲಿ ನಾವು ಹುಡುಕಬಹುದು. ಹಾಗೆ ಜೋಡಿಸಿಡಲು ಒಬ್ಬರು ಪಟ್ಟ ಕಷ್ಟ ಆ ಲೆಕ್ಕದಲ್ಲಿ ಕಾಣುವುದಿಲ್ಲ.

1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಆದರೂ ಅವರು ಸುಮ್ಮನೆ ಕೂರಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದರು. ಅದು ಅಚ್ಚಾದದ್ದು 1903ರಲ್ಲಿ. ಅದೇ ವರ್ಷ ಡಿಸೆಂಬರ್‌ನಲ್ಲಿ ಟ್ಯೂಬಿಂಗೆನ್‌ನಲ್ಲಿ ಕಣ್ಮುಚ್ಚಿದರು.

ಅವರ ನಿಘಂಟನ್ನು ಮುಂದೆ ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದರು. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು ತನ್ನದೇ ಕನ್ನಡ-ಕನ್ನಡ ನಿಘಂಟನ್ನು 8 ಸಂಪುಟಗಳಲ್ಲಿ ತಂದಿತು. ಮೊದಲ ಸಂಪುಟ 1970ರಲ್ಲಿ, ಕೊನೆಯದು 1995ರಲ್ಲಿ. ಮುಂದಿನ ಸರದಿ ಪ್ರೋಗ್ರಾಂ ಬರೆಯುವವರದು. ಪಹಣಿಯಲ್ಲಿ, ಗ್ರಂಥಾಲಯದ ಪಟ್ಟಿಯಲ್ಲಿ, ಡಿಜಿಟಲ್ ಪುಸ್ತಕದಲ್ಲಿ ಕನ್ನಡ ಪದ ಹುಡುಕಿದಾಗ ಇದ್ದದ್ದೂ ಇಲ್ಲ ಎಂದು ಬಂದರೆ, ಹುಡುಕುವವರ ಪಾಲಿಗೆ ಅದು ಇಲ್ಲವೇ ಇಲ್ಲ.

ಇಂಟರ್‌ವ್ಯೂನಲ್ಲಿ ಸ್ಟ್ರ್‌ಸ್ಟ್ರ್ ಫಂಕ್ಷನ್ ನೀವೇ ಬರೆಯಿರಿ ಎಂದು ಕೇಳುವುದುಂಟು. ಎರಡು ಲೂಪ್ ಹಾಕಿ ನಾವೆಲ್ಲರೂ ಬರೆದುಬಿಡುತ್ತೇವೆ. ಆದರೆ ಎಲ್ಲಿ ಹುಡುಕುತ್ತಿದ್ದೇವೋ ಆ ವಿಷಯವನ್ನೇ ಮೊದಲು ಕಲಿಯುವುದು ಕಿಟೆಲ್ ಮಾಡಿದ ಕೆಲಸ. ದೂರದೂರಿಂದ ಬಂದವರು 41 ವರ್ಷ ಕೊಟ್ಟ ಭಾಷೆಗೆ, ಇಲ್ಲೇ ಹುಟ್ಟಿ ಬೆಳೆದ ನಾವು ಫೈನಲ್ ಇಯರ್‌ನ ಒಂದು ಪ್ರಾಜೆಕ್ಟ್ ಆದರೂ ಕೊಡಬಹುದಲ್ಲವೇ?