ವೈಮಾನಿಕ ಎಸ್. ವಿ. ಸೆಟ್ಟರು

ನಮ್ಮ ಹೈದರಾಬಾದಿಗೆ ಸಮೀಪದ ದುಂಡಿಗಲ್ಲಿನಲ್ಲಿ ವಾಯುಸೇನೆಯ ಅಕಾಡೆಮಿಯಿದೆ. ಅಲ್ಲಿ ತರುಣರು ವಿಮಾನ ನಡೆಸುವ ವಿದ್ಯೆಯನ್ನು ಕಲಿಯುತ್ತಾರೆ. ಅವರಿಗೆ ನುರಿತ ಗುರುಗಳುಂಟು. ಚೆನ್ನಾಗಿ ಪರೀಕ್ಷಿಸಿದ ಯಂತ್ರಗಳುಂಟು. ಆದರೆ ಈ ಅನುಕೂಲಗಳಾವುವೂ ಇಲ್ಲದಿದ್ದ ಕಾಲವೊಂದಿತ್ತು. ಹಾರಬಯಸುವವನು ಆಗ ಬಡಗಿಯೂ ದರ್ಜಿಯೂ ಯಂತ್ರಜ್ಞನೂ ತಾನೇ ಆಗಬೇಕಾಗಿತ್ತು. ಅಂತಹ ದಿನಗಳಲ್ಲಿ ದೂರದ ಇಂಗ್ಲೆಂಡಿಗೆ ಹೋಗಿ ವಿಮಾನವನ್ನು ಕಟ್ಟುವುದನ್ನೂ ಹಾರಿಸುವುದನ್ನೂ ಕಲಿತು ಬಂದ ಕನ್ನಡಿಗರೊಬ್ಬರ ಕಥೆಯನ್ನು ನಾವೀಗ ತಿಳಿಯೋಣ.

ಎಸ್. ವಿ. ಸೆಟ್ಟರು 1879ರಲ್ಲಿ ಮೈಸೂರಿನಲ್ಲಿ ಜನಿಸಿದರು. ಅವರು ಎಂಜಿನಿಯರಿಂಗ್ ಓದಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ಆಗ ಮೈಸೂರಿನಲ್ಲಿ ಎಲ್ಲೆಲ್ಲಿಯೂ ವಿದ್ಯುತ್ತಿನ ಮಾತೇ ಮಾತು. ಶಿವನಸಮುದ್ರದ ಜಲಪಾತದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದಿತ್ತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದ್ದವು. ಆ ವಿದ್ಯೆಯಲ್ಲಿ ಹೆಚ್ಚಿನ ಪರಿಣತಿಯನ್ನು ಪಡೆಯಬೇಕೆಂದು ಸೆಟ್ಟರು 1909ರಲ್ಲಿ ಲಂಡನ್ನಿನ ಫ್ಯಾರಡೆ ಹೌಸ್ ಎಂಬ ವಿದ್ಯಾಸಂಸ್ಥೆಯನ್ನು ಸೇರಿದರು.

ಅದೇ ವರ್ಷ ಇಂಗ್ಲೆಂಡಿನಲ್ಲಿ ಇನ್ನೊಂದು ವಿಶೇಷ ನಡೆಯಿತು. ಅಲಿಯಟ್ ವರ್ಡನ್ ರೋ ಎಂಬಾತನು ಮರದ ಚೌಕಟ್ಟಿಗೆ ಕಾಗದವನ್ನು ಹೊದಿಸಿ, ಕೇವಲ 9 ಅಶ್ವಶಕ್ತಿಯ ಎಂಜಿನ್ನನ್ನು ಕೂಡಿಸಿ, ಮೂರು ಅಂತಸ್ತಿನ ರೆಕ್ಕೆಗಳ ವಿಮಾನವೊಂದನ್ನು ತಾನೇ ಕಟ್ಟಿ ಹಾರಿಸಿದನು. ರೈಟ್ ಸಹೋದರರು 1903ರಲ್ಲಿ ಮೊದಲು ಹಾರಿ ಆಗಿನ್ನೂ ಆರು ವರ್ಷಗಳೂ ತುಂಬಿರಲಿಲ್ಲ. ಮುಂದೆ ರೋ ಸ್ಥಾಪಿಸಿದ ಕಾರ್ಖಾನೆಯೇ ಆವ್ರೊ ಎಂದು ಪ್ರಸಿದ್ಧವಾಯಿತು. 1911ರಲ್ಲಿ ಸೆಟ್ಟರು ಆ ಸಂಸ್ಥೆಗೆ ಶಿಕ್ಷಣಾರ್ಥಿಯಾಗಿ ಸೇರಿದರು. ಊರಿನಲ್ಲಿ ವಿದ್ಯುತ್ ಎಂಜಿನಿಯರಿಗೆ ಮನ್ನಣೆಯ ಬದುಕು ಕಾದಿತ್ತು. ವಿಮಾನ ವಿದ್ಯೆಗೆ ಅಲ್ಲಿ ಯಾವ ಕೆಲಸವೂ ಇರಲಿಲ್ಲ. ಮೂವತ್ತು ದಾಟಿದ ವಯಸ್ಸಿನಲ್ಲಿ ಹೊಸದೊಂದು ವಿದ್ಯೆಗೆ ಮತ್ತೆ ಶಿಷ್ಯರಾಗುವುದು ಸಾಮಾನ್ಯ ಧೈರ್ಯವಲ್ಲ.

ಆ ಕಾಲದ ವಿಮಾನವೆಂದರೆ ಹೇಗಿತ್ತು? ಹಗುರವಾದ ಮರದ ಪಟ್ಟಿಗಳನ್ನು ಜೋಡಿಸಿ ಚೌಕಟ್ಟನ್ನು ಮಾಡುತ್ತಿದ್ದರು. ಅದು ಅಲುಗದಂತೆ ಉಕ್ಕಿನ ತಂತಿಗಳನ್ನು ಅಡ್ಡಡ್ಡಲಾಗಿ ಬಿಗಿಯುತ್ತಿದ್ದರು. ಮೇಲೆ ನಾರುಬಟ್ಟೆಯನ್ನು ಹೊಲಿದು, ಅದು ಮದ್ದಳೆಯ ಚರ್ಮದಂತೆ ಬಿಗಿಯಲೆಂದು ಒಂದು ಬಗೆಯ ಮೆರುಗೆಣ್ಣೆಯನ್ನು ಬಳಿಯುತ್ತಿದ್ದರು. ಒಂದು ತಂತಿ ಸಡಿಲವಾದರೂ ರೆಕ್ಕೆ ತಿರುಚಿಕೊಳ್ಳಬಹುದು. ಎಂಜಿನ್ನು ನಿಂತರೆ ಕೆಳಗೆ ಎಲ್ಲಿ ಬಯಲು ಕಂಡೀತೋ ಅಲ್ಲಿಗೇ ಇಳಿಯಬೇಕು. ಗಾಳಿ ಶಾಂತವಾಗಿರುವ ಮುಂಜಾವಿನಲ್ಲಿಯೋ ಸಂಜೆಯಲ್ಲಿಯೋ ಮಾತ್ರ ಹಾರಾಟ ಸುರಕ್ಷಿತ. ತಾನು ಬಿಗಿದ ತಂತಿಗೆ ತನ್ನ ಪ್ರಾಣವನ್ನೇ ಒಪ್ಪಿಸಬೇಕಾದವನು ಕೆಲಸದಲ್ಲಿ ಎಷ್ಟು ಎಚ್ಚರವಾಗಿರಬೇಕೆಂಬುದನ್ನು ನಾವು ಊಹಿಸಿಕೊಳ್ಳಬಹುದು.

ಅಲ್ಲಿ ಸೆಟ್ಟರಿಗೆ ಜಾನ್ ಡುಯಿಗನ್ ಎಂಬ ಆಸ್ಟ್ರೇಲಿಯದವನ ಸಹವಾಸ ದೊರೆಯಿತು. ಈತನು ತನ್ನ ಮನೆತನದ ಜಮೀನಿನಲ್ಲಿಯೇ, ಪುಸ್ತಕ ಮತ್ತು ಚಿತ್ರಗಳ ಆಧಾರದಿಂದ, ತಮ್ಮನ ನೆರವಿನೊಡನೆ ವಿಮಾನವನ್ನು ಕಟ್ಟಿ 1910ರ ಜುಲೈ 16ರಂದು ಹಾರಿಸಿದ್ದನು. ಅಂದು ಅದು ಹಾರಿದ್ದು ಸುಮಾರು 7 ಮೀಟರು ಮಾತ್ರ. ಆದರೂ ಆಸ್ಟ್ರೇಲಿಯದಲ್ಲಿ ಕಟ್ಟಿ ಹಾರಿಸಿದ ವಿಮಾನಗಳಲ್ಲಿ ಅದೇ ಮೊದಲನೆಯದು. ಆತನಿಗಾಗಿ ಆವ್ರೊದವರು ಕಟ್ಟಿದ ವಿಮಾನದ ಕೆಲಸದಲ್ಲಿ ಸೆಟ್ಟರೂ ಪಾಲ್ಗೊಂಡರು. ಹೀಗೆ ಕೈಕೆಲಸವನ್ನು ಕಲಿತು, ವಿಮಾನವೇರಿ ತಾವೇ ನಡೆಸಿದ ಮೊದಮೊದಲ ಭಾರತೀಯರಲ್ಲಿ ಅವರು ಒಬ್ಬರಾದರು.

1912ರಲ್ಲಿ ಸೆಟ್ಟರು ತಾಯ್ನಾಡಿಗೆ ಮರಳಿದರು. ಇಲ್ಲಿ ಅವರು ಹಾರಿಸಲು ವಿಮಾನವಿರಲಿಲ್ಲ, ಕಟ್ಟಲು ಕಾರ್ಖಾನೆಯಿರಲಿಲ್ಲ. ಅವರು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಅಧ್ಯಾಪಕರಾಗಿ ತಮ್ಮ ಅರಿವನ್ನು ವಿದ್ಯಾರ್ಥಿಗಳಿಗೆ ಹಂಚಿದರು. ಅತ್ತ ಆವ್ರೊದ 504 ಎಂಬ ವಿಮಾನವು 1913ರಲ್ಲಿ ಹಾರಿತು. ಅಂತಹವು ಎಂಟು ಸಾವಿರಕ್ಕೂ ಹೆಚ್ಚು ತಯಾರಾಗಿ, ಎಷ್ಟೋ ತರುಣರಿಗೆ ಹಾರಾಟವನ್ನು ಕಲಿಸಿದವು. ಇತ್ತ ಸೆಟ್ಟರ ಆಯುಸ್ಸು ಮುಗಿಯುತ್ತ ಬಂದಿತ್ತು. 1918ರಲ್ಲಿ ಲೋಕವನ್ನೆಲ್ಲ ಆವರಿಸಿದ ಇನ್‌ಫ್ಲುಯೆಂಜಾ ಮಹಾಮಾರಿಗೆ ಅವರು ಬಲಿಯಾದರು. ಆಗ ಅವರಿಗೆ ನಲವತ್ತು ವರ್ಷವೂ ತುಂಬಿರಲಿಲ್ಲ. 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಆರಂಭವಾದುದನ್ನಾಗಲಿ, 1951ರಲ್ಲಿ ಅಲ್ಲಿಯೇ ರೂಪುಗೊಂಡ ಎಚ್‌ಟಿ-2 ವಿಮಾನ ಆಕಾಶಕ್ಕೇರಿದುದನ್ನಾಗಲಿ ನೋಡುವ ಭಾಗ್ಯ ಅವರಿಗಿರಲಿಲ್ಲ.

ಸಂಕ್ರಾಂತಿಯಲ್ಲಿ ನಾವು ಮಾಳಿಗೆಗಳ ಮೇಲೆ ಗಾಳಿಪಟವನ್ನು ಹಾರಿಸುತ್ತೇವೆ. ಬಿದಿರಕಡ್ಡಿ ಒಂದು ಕಡೆ ಭಾರವಾದರೆ, ಸೂತ್ರ ತಪ್ಪಿದರೆ, ಪಟ ಗಿರಕಿ ಹೊಡೆದು ಬೀಳುತ್ತದೆ. ನಾವು ಅದನ್ನು ಬಿಚ್ಚಿ, ಸರಿಪಡಿಸಿ, ಮತ್ತೆ ಏರಿಸುತ್ತೇವೆ. ಸೆಟ್ಟರು ಕಲಿತ ವಿದ್ಯೆಯ ಮೊದಲ ಪಾಠವೂ ಇದೇ. ಮುಂದಿನ ಹಬ್ಬದಲ್ಲಿ ಕೊಂಡ ಪಟದ ಬದಲು ನಮ್ಮ ಕೈಯಿಂದಲೇ ಒಂದನ್ನು ಕಟ್ಟಿ ಹಾರಿಸೋಣ. ಆಗ ಆ ಹಿರಿಯರನ್ನು ಒಮ್ಮೆ ನೆನೆಯೋಣ.