ಡೆನಿಸ್ ಹೋಗ್ಲ್ಯಾಂಡ್

ಡೆನಿಸ್ ರಾಬರ್ಟ್ ಹೋಗ್ಲ್ಯಾಂಡ್ (೧೮೮೪ – ಸೆಪ್ಟೆಂಬರ್ ೫, ೧೯೪೯) ಅಮೆರಿಕ ಸಂಯುಕ್ತ ಸಂಸ್ಥಾನದ ಕೃಷಿ ರಸಾಯನಶಾಸ್ತ್ರಜ್ಞರು ಹಾಗೂ ಸಸ್ಯಪೋಷಣಾ ವಿಜ್ಞಾನಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದಲ್ಲಿ ಅವರು ಸಸ್ಯಪೋಷಣಾ ವಿಭಾಗದ ಮುಖ್ಯಸ್ಥರಾಗಿದ್ದರು. ಬೇರುಗಳು ಖನಿಜ ಲವಣಗಳನ್ನು ಹೀರಿಕೊಳ್ಳುವ ಬಗೆ, ಪೋಷಕಾಂಶಗಳ ಕೊರತೆಯಿಂದ ಗಿಡಗಳಲ್ಲಿ ಕಾಣಿಸಿಕೊಳ್ಳುವ ಲಕ್ಷಣಗಳು ಮತ್ತು ಮಣ್ಣಿಲ್ಲದೆ ನೀರಿನಲ್ಲಿ ಗಿಡ ಬೆಳೆಸುವ ವಿಧಾನ ಇವು ಅವರ ಅಧ್ಯಯನದ ಮುಖ್ಯ ಕ್ಷೇತ್ರಗಳು. ಅವರ ಹೆಸರಿನ ಪೋಷಕ ದ್ರಾವಣವು ಇಂದಿಗೂ ಜಗತ್ತಿನಾದ್ಯಂತ ಸಸ್ಯಶಾಸ್ತ್ರದ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ.

ಆರಂಭಿಕ ಜೀವನ ಮತ್ತು ವಿದ್ಯಾಭ್ಯಾಸ

ಹೋಗ್ಲ್ಯಾಂಡ್ ಕೊಲರಾಡೊ ರಾಜ್ಯದ ಗೋಲ್ಡನ್ ಎಂಬ ಊರಿನಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ಕುಟುಂಬವು ಡೆನ್ವರ್ ನಗರಕ್ಕೆ ಬಂದುದರಿಂದ ಶಾಲಾ ಶಿಕ್ಷಣ ಅಲ್ಲಿ ನಡೆಯಿತು. ೧೯೦೭ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ ರಸಾಯನಶಾಸ್ತ್ರದಲ್ಲಿ ಪದವಿ ಪಡೆದರು. ಅವರ ಮೊದಲ ಉದ್ಯೋಗಗಳಿಗೂ ಗಿಡಗಳಿಗೂ ಸಂಬಂಧವಿರಲಿಲ್ಲ. ಬರ್ಕ್ಲಿಯಲ್ಲಿ ಪ್ರಾಣಿಗಳ ಆಹಾರ ಪೋಷಣೆಯ ಪ್ರಯೋಗಾಲಯದಲ್ಲಿಯೂ, ಅನಂತರ ಸರ್ಕಾರದ ಆಹಾರ ಪರೀಕ್ಷಾ ಸೇವೆಯಲ್ಲಿಯೂ ಅವರು ಕೆಲಸ ಮಾಡಿದರು. ೧೯೧೨ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಹೋಗಿ, ಜೀವಸತ್ವಗಳ ಸಂಶೋಧನೆಗೆ ಹೆಸರಾದ ಎಲ್ಮರ್ ಮೆಕಾಲಮ್ ಅವರ ಬಳಿ ಅಧ್ಯಯನ ನಡೆಸಿ, ಮರುವರ್ಷ ಸ್ನಾತಕೋತ್ತರ ಪದವಿ ಗಳಿಸಿದರು. ಆಹಾರದಲ್ಲಿ ಅಲ್ಪ ಪ್ರಮಾಣದ ಒಂದು ಅಂಶ ಇಲ್ಲವಾದರೂ ಪ್ರಾಣಿಗಳ ಬೆಳವಣಿಗೆ ಕುಂಠಿತವಾಗುತ್ತದೆ ಎಂಬ ಸಂಗತಿ ಆ ಕಾಲದಲ್ಲಿ ಸ್ಪಷ್ಟವಾಗುತ್ತಿತ್ತು. ಹೋಗ್ಲ್ಯಾಂಡ್ ಅವರ ಮುಂದಿನ ಕೆಲಸವು ಇದೇ ಬಗೆಯ ಪ್ರಶ್ನೆಯನ್ನು ಸಸ್ಯಗಳಿಗೆ ಕೇಳಿತು.

೧೯೧೩ರಲ್ಲಿ ಬರ್ಕ್ಲಿಗೆ ಮರಳಿ ಕೃಷಿ ರಸಾಯನಶಾಸ್ತ್ರದ ಸಹಾಯಕ ಪ್ರಾಧ್ಯಾಪಕರಾದರು. ಜೀವನದ ಕೊನೆಯವರೆಗೂ ಅದೇ ವಿಶ್ವವಿದ್ಯಾಲಯ ಅವರ ಕಾರ್ಯಕ್ಷೇತ್ರವಾಯಿತು. ೧೯೨೦ರಲ್ಲಿ ಜೆಸ್ಸಿ ಸ್ಮೈಲಿ ಅವರನ್ನು ವಿವಾಹವಾದರು. ೧೯೩೩ರಲ್ಲಿ ಪತ್ನಿ ನಿಧನರಾದಾಗ ಮೂವರು ಗಂಡುಮಕ್ಕಳನ್ನು ಬೆಳೆಸುವ ಹೊಣೆ ಹೋಗ್ಲ್ಯಾಂಡ್ ಅವರ ಮೇಲೆ ಬಿದ್ದಿತು. ಅವರ ಅತ್ಯಂತ ಮಹತ್ವದ ಸಂಶೋಧನೆಗಳಲ್ಲಿ ಹಲವು ಈ ವರ್ಷಗಳಿಗೇ ಸೇರಿವೆ.

ಕಡಲಕಳೆಯಿಂದ ಕೋಶದವರೆಗೆ

ಮೊದಲ ಮಹಾಯುದ್ಧದಲ್ಲಿ ಜರ್ಮನಿಯಿಂದ ಬರುತ್ತಿದ್ದ ಪೊಟ್ಯಾಷ್ ಗೊಬ್ಬರ ನಿಂತುಹೋಯಿತು. ಪೆಸಿಫಿಕ್ ಕರಾವಳಿಯ ಬೃಹತ್ ಕಡಲಕಳೆ ಕೆಲ್ಪ್‌ನಿಂದ ಪೊಟ್ಯಾಷ್ ಪಡೆಯುವ ಸಾಧ್ಯತೆಯನ್ನು ಹೋಗ್ಲ್ಯಾಂಡ್ ಪರಿಶೀಲಿಸಿದರು. ಸಮುದ್ರದ ನೀರಿನಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಪೊಟ್ಯಾಸಿಯಂ ಮತ್ತು ಅಯೋಡಿನ್ ಈ ಕಳೆಯೊಳಗೆ ಸಂಗ್ರಹವಾಗಿರುವುದು ಅವರ ಗಮನ ಸೆಳೆಯಿತು. ಸಸ್ಯವು ಹೊರಗಿನ ನೀರಿನಲ್ಲಿದ್ದುದನ್ನು ಇದ್ದ ಪ್ರಮಾಣದಲ್ಲಿಯೇ ಹೀರದೆ, ಆಯ್ದು ಕೂಡಿಡುತ್ತದೆ ಎಂಬುದಕ್ಕೆ ಇದು ಸಾಕ್ಷಿಯಾಗಿತ್ತು.

೧೯೨೦ರ ದಶಕದಲ್ಲಿ ನೈಟೆಲ್ಲಾ ಎಂಬ ಸಿಹಿನೀರಿನ ಪಾಚಿಯ ದೊಡ್ಡ ಕೋಶಗಳನ್ನು ಬಳಸಿ ಈ ವಿಷಯವನ್ನು ಮುಂದುವರಿಸಿದರು. ಕೋಶವು ಲವಣಗಳನ್ನು ಕೂಡಿಡಲು ಶಕ್ತಿಯನ್ನು ವ್ಯಯಿಸಬೇಕಾಗುತ್ತದೆ, ಆ ಶಕ್ತಿಯ ಮೂಲ ಬೆಳಕು ಎಂದು ಈ ಪ್ರಯೋಗಗಳು ತೋರಿಸಿದವು. ೧೯೩೬ರಲ್ಲಿ ಥಿಯೋಡರ್ ಬ್ರಾಯರ್ ಅವರೊಂದಿಗೆ ಬಾರ್ಲಿಯ ಬೇರುಗಳ ಮೇಲೆ ನಡೆಸಿದ ಅಧ್ಯಯನವು, ಬೇರಿಗೆ ಆಮ್ಲಜನಕವೂ ಸಕ್ಕರೆಯೂ ದೊರೆತಾಗ ಮಾತ್ರ ಲವಣ ಸಂಗ್ರಹಣೆ ಚುರುಕಾಗಿ ನಡೆಯುತ್ತದೆ ಎಂಬುದನ್ನು ಸ್ಥಾಪಿಸಿತು. ಪೋಷಕ ದ್ರಾವಣದಲ್ಲಿ ಎಲ್ಲ ಲವಣಗಳಿದ್ದರೂ ಗಾಳಿಯಾಡದಿದ್ದರೆ ಗಿಡ ಹಸಿವಿನಿಂದ ಬಳಲುವುದಕ್ಕೆ ಇದೇ ಕಾರಣ. ಬರ್ಕ್ಲಿಯ ಸೈಕ್ಲೋಟ್ರಾನ್ ಯಂತ್ರದಿಂದ ವಿಕಿರಣಶೀಲ ಮೂಲವಸ್ತುಗಳು ದೊರೆತಾಗ, ೧೯೩೯ರಲ್ಲಿ ಪೆರಿ ಸ್ಟೌಟ್ ಅವರ ಜೊತೆಗೂಡಿ ಗಿಡದೊಳಗೆ ಲವಣಗಳು ಮೇಲೇರುವ ಮಾರ್ಗವನ್ನು ಗುರುತಿಸಿದರು.

ಕಿರುಎಲೆ ರೋಗದ ನಿದಾನ

ಕ್ಯಾಲಿಫೋರ್ನಿಯಾದ ಹಣ್ಣಿನ ತೋಟಗಳಲ್ಲಿ ಕಿರುಎಲೆ ಎಂಬ ರೋಗ ವ್ಯಾಪಕವಾಗಿತ್ತು. ಚಿಗುರಿನ ತುದಿಯಲ್ಲಿ ಸಣ್ಣ, ಹಳದಿ ಬಣ್ಣದ ಎಲೆಗಳು ಗುಚ್ಛವಾಗಿ ನಿಲ್ಲುತ್ತಿದ್ದವು. ರೆಂಬೆಗಳು ಒಣಗಿ, ಇಳುವರಿ ಕುಸಿಯುತ್ತಿತ್ತು. ಕಾರಣ ತಿಳಿಯದೆ ಬೆಳೆಗಾರರು ಮರಗಳನ್ನೇ ಕಳೆದುಕೊಳ್ಳುತ್ತಿದ್ದರು. ವಿಲಿಯಂ ಚಾಂಡ್ಲರ್, ಹೋಗ್ಲ್ಯಾಂಡ್ ಮತ್ತು ಹಿಬ್ಬರ್ಡ್ ೧೯೩೦ರ ದಶಕದ ಆರಂಭದಲ್ಲಿ ಇದರ ಅಧ್ಯಯನ ಕೈಗೊಂಡರು.

ಎಲೆ ಹಳದಿಯಾದಾಗ ಕಬ್ಬಿಣದ ಕೊರತೆಯನ್ನು ಶಂಕಿಸುವುದು ವಾಡಿಕೆ. ಕಬ್ಬಿಣದ ಸಲ್ಫೇಟನ್ನು ಬುಡಕ್ಕೆ ಹೇರಳವಾಗಿ ಹಾಕಿದಾಗ ಕೆಲವು ಮರಗಳು ಚೇತರಿಸಿಕೊಂಡವು. ಕಾರಣ ಸಿಕ್ಕಿತೆಂದು ಅಲ್ಲಿಯೇ ನಿಲ್ಲಿಸಬಹುದಾಗಿತ್ತು. ಆದರೆ ಶುದ್ಧವಾದ ಕಬ್ಬಿಣದ ಸಲ್ಫೇಟ್ ಅಂಥ ಫಲ ಕೊಡಲಿಲ್ಲ. ಮಾರುಕಟ್ಟೆಯ ಅಗ್ಗದ ಲವಣದಲ್ಲಿ ಕಲಬೆರಕೆಯಾಗಿ ಸೇರಿದ್ದ ಸತುವೇ ಮರಗಳನ್ನು ಬದುಕಿಸಿತ್ತು ಎಂಬುದು ಪರೀಕ್ಷೆಯಿಂದ ಬಯಲಾಯಿತು. ಸತುವಿನ ಸಲ್ಫೇಟನ್ನು ನೇರವಾಗಿ ಕೊಟ್ಟಾಗ ಮರಗಳು ಹೊಸ ಎಲೆ ಬಿಟ್ಟವು. ಕಾಂಡಕ್ಕೆ ಸತುವಿನ ತುಂಡುಗಳನ್ನು ಬಡಿದಾಗಲೂ ಗುಣ ಕಂಡಿತು.

ಈ ತೀರ್ಮಾನವನ್ನು ಜಲಸಂಸ್ಕೃತಿಯಲ್ಲಿ ದೃಢಪಡಿಸುವುದು ಸುಲಭವಾಗಿರಲಿಲ್ಲ. ಗಿಡಕ್ಕೆ ಬೇಕಾದ ಸತುವಿನ ಪ್ರಮಾಣ ಎಷ್ಟು ಅಲ್ಪವೆಂದರೆ ನೀರು, ಪಾತ್ರೆ ಮತ್ತು ಇತರ ಲವಣಗಳಲ್ಲಿನ ಕಲ್ಮಶವೇ ಅದನ್ನು ಪೂರೈಸಿಬಿಡುತ್ತದೆ. ಆದ್ದರಿಂದ ಪ್ರತಿಯೊಂದನ್ನೂ ಶುದ್ಧಗೊಳಿಸಿ, ಸತುವಿಲ್ಲದ ದ್ರಾವಣದಲ್ಲಿ ಗಿಡ ಬೆಳೆಸಿ, ಅದೇ ಲಕ್ಷಣಗಳನ್ನು ಬರಿಸಿ, ಸತು ಸೇರಿಸಿ ಗುಣಪಡಿಸಬೇಕಾಯಿತು. ಹೋಗ್ಲ್ಯಾಂಡ್ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ್ದ ಫೋಕ್ ಸ್ಕೂಗ್, ಸತುವಿಲ್ಲದಿದ್ದಾಗ ಆಕ್ಸಿನ್ ಎಂಬ ಬೆಳವಣಿಗೆಯ ಚೋದಕ ಕಡಿಮೆಯಾಗುತ್ತದೆ ಎಂದು ೧೯೪೦ರಲ್ಲಿ ತೋರಿಸಿದರು.

ಹೋಗ್ಲ್ಯಾಂಡ್ ದ್ರಾವಣ

ನೀರಿನಲ್ಲಿ ಗಿಡ ಬೆಳೆಸುವ ವಿಧಾನವನ್ನು ೧೮೬೦ರ ಸುಮಾರಿಗೆ ಜರ್ಮನಿಯ ಜೂಲಿಯಸ್ ಸ್ಯಾಕ್ಸ್ ಮತ್ತು ವಿಲ್‌ಹೆಲ್ಮ್ ನಾಪ್ ರೂಪಿಸಿದ್ದರು. ಇದನ್ನು ವ್ಯಾಪಾರಿ ಬೇಸಾಯವಾಗಿಸಬಹುದೆಂದು ಬರ್ಕ್ಲಿಯವರೇ ಆದ ವಿಲಿಯಂ ಗೆರಿಕೆ ೧೯೨೯ರಲ್ಲಿ ಪ್ರತಿಪಾದಿಸಿದರು. ೧೯೩೭ರಲ್ಲಿ ಅವರು ಇದಕ್ಕೆ ಹೈಡ್ರೋಪೋನಿಕ್ಸ್ ಎಂಬ ಹೆಸರು ಬಳಸಿದರು. ಅವರು ಬೆಳೆಸಿದ ಎತ್ತರದ ಟೊಮೆಟೊ ಬಳ್ಳಿಗಳ ಚಿತ್ರಗಳು ಪತ್ರಿಕೆಗಳಲ್ಲಿ ಪ್ರಕಟವಾದಾಗ, ಹೊಲವೇ ಬೇಡವಾಗುವ ಕಾಲ ಬಂದಿತೆಂಬ ಉತ್ಸಾಹ ಹಬ್ಬಿತು. ವಿಶ್ವವಿದ್ಯಾಲಯಕ್ಕೆ ವಿಚಾರಣೆಗಳ ಮಹಾಪೂರವೇ ಬಂದಿತು.

ಇದರ ಸತ್ಯಾಸತ್ಯತೆಯನ್ನು ಪರೀಕ್ಷಿಸುವ ಕೆಲಸ ಹೋಗ್ಲ್ಯಾಂಡ್ ಮತ್ತು ಅವರ ಶಿಷ್ಯ ಡೇನಿಯಲ್ ಆರ್ನನ್ ಅವರ ಪಾಲಿಗೆ ಬಂದಿತು. ಒಂದೇ ಬಗೆಯ ಬೆಳಕು, ಉಷ್ಣತೆ ಮತ್ತು ಅಂತರದಲ್ಲಿ ಬೆಳೆಸಿದಾಗ ಉತ್ತಮ ಮಣ್ಣಿನ ಇಳುವರಿಗಿಂತ ಜಲಕೃಷಿಯ ಇಳುವರಿ ಗಣನೀಯವಾಗಿ ಹೆಚ್ಚಲ್ಲ ಎಂಬುದು ಅವರ ಫಲಿತಾಂಶ. ಅದನ್ನು ೧೯೩೮ರಲ್ಲಿ ಸಾಮಾನ್ಯರಿಗೂ ಅರ್ಥವಾಗುವಂಥ ಕಿರುಹೊತ್ತಗೆಯಾಗಿ ಪ್ರಕಟಿಸಿದರು. ಯಾವುದೇ ದ್ರಾವಣಕ್ಕೆ ಮಾಂತ್ರಿಕ ಶಕ್ತಿಯಿಲ್ಲ, ಎಲ್ಲ ಗಿಡಗಳಿಗೂ ಸರ್ವಶ್ರೇಷ್ಠವಾದ ಒಂದು ಸೂತ್ರವೂ ಇಲ್ಲ ಎಂದು ಅದರಲ್ಲಿ ಎಚ್ಚರಿಸಿದರು. ಆದರೆ ಆ ಹೊತ್ತಗೆಯಲ್ಲಿ ಕೊಟ್ಟ ಸೂತ್ರವೇ ಮುಂದೆ ಹೋಗ್ಲ್ಯಾಂಡ್ ದ್ರಾವಣವೆಂದು ಪ್ರಸಿದ್ಧವಾಯಿತು. ೧೯೫೦ರಲ್ಲಿ ಆರ್ನನ್ ಅದನ್ನು ಪರಿಷ್ಕರಿಸಿದರು.

ಈ ದ್ರಾವಣದ ಪ್ರತಿ ಲೀಟರಿನಲ್ಲಿ ಸುಮಾರು ೨೧೦ ಮಿಲಿಗ್ರಾಂ ಸಾರಜನಕ, ೨೩೫ ಮಿಲಿಗ್ರಾಂ ಪೊಟ್ಯಾಸಿಯಂ, ೨೦೦ ಮಿಲಿಗ್ರಾಂ ಕ್ಯಾಲ್ಸಿಯಂ, ೬೪ ಮಿಲಿಗ್ರಾಂ ಗಂಧಕ, ೪೮ ಮಿಲಿಗ್ರಾಂ ಮೆಗ್ನೀಸಿಯಂ ಮತ್ತು ೩೧ ಮಿಲಿಗ್ರಾಂ ರಂಜಕ ಇರುತ್ತವೆ. ಬೋರಾನ್ ಮತ್ತು ಮ್ಯಾಂಗನೀಸ್ ತಲಾ ಅರ್ಧ ಮಿಲಿಗ್ರಾಂ, ಸತು ೦.೦೫ ಮಿಲಿಗ್ರಾಂ, ತಾಮ್ರ ೦.೦೨ ಮಿಲಿಗ್ರಾಂ ಮಾತ್ರ. ಕಬ್ಬಿಣವನ್ನು ಪ್ರತ್ಯೇಕವಾಗಿ ಸೇರಿಸಲಾಗುತ್ತದೆ.

ಕೊರತೆಯ ಲಕ್ಷಣಗಳು

ಒಂದೊಂದು ಪೋಷಕಾಂಶವನ್ನು ಬಿಟ್ಟು ಉಳಿದೆಲ್ಲವನ್ನೂ ಒಳಗೊಂಡ ದ್ರಾವಣಗಳನ್ನು ತಯಾರಿಸುವ ಕ್ರಮವೂ ೧೯೩೮ರ ಹೊತ್ತಗೆಯಲ್ಲಿದೆ. ಕೊರತೆಯ ಲಕ್ಷಣಗಳನ್ನು ಗುರುತಿಸಲು ವಿದ್ಯಾರ್ಥಿಗಳಿಗೆ ಇಂದಿಗೂ ಇದೇ ಕ್ರಮವನ್ನು ಕಲಿಸಲಾಗುತ್ತದೆ.

ಲಕ್ಷಣವು ಗಿಡದ ಯಾವ ಭಾಗದಲ್ಲಿ ಮೊದಲು ಕಂಡಿತು ಎಂಬುದು ಮುಖ್ಯ ಸುಳಿವು. ಸಾರಜನಕ, ರಂಜಕ, ಪೊಟ್ಯಾಸಿಯಂ ಮತ್ತು ಮೆಗ್ನೀಸಿಯಂ ಗಿಡದೊಳಗೆ ಸುಲಭವಾಗಿ ಚಲಿಸುತ್ತವೆ. ಕೊರತೆ ಬಂದಾಗ ಗಿಡ ಅವುಗಳನ್ನು ಹಳೆಯ ಎಲೆಯಿಂದ ಚಿಗುರಿಗೂ ಹೂವಿಗೂ ಸಾಗಿಸುವುದರಿಂದ ಕೆಳಗಿನ ಎಲೆಗಳು ಮೊದಲು ಸೊರಗುತ್ತವೆ. ಸಾರಜನಕ ಸಾಲದಿದ್ದರೆ ಎಲೆ ಇಡಿಯಾಗಿ ಹಳದಿಯಾಗುತ್ತದೆ. ಪೊಟ್ಯಾಸಿಯಂ ಸಾಲದಿದ್ದರೆ ಅಂಚು ಸುಟ್ಟಂತಾಗುತ್ತದೆ. ಮೆಗ್ನೀಸಿಯಂ ಸಾಲದಿದ್ದರೆ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಬಿಳಚುತ್ತದೆ. ಕ್ಯಾಲ್ಸಿಯಂ, ಬೋರಾನ್ ಮತ್ತು ಕಬ್ಬಿಣ ಹೀಗೆ ಚಲಿಸಲಾರವು. ಅವುಗಳ ಕೊರತೆ ಚಿಗುರಿನಲ್ಲಿ ಮೊದಲು ಕಾಣುತ್ತದೆ. ಟೊಮೆಟೊ ಹಣ್ಣಿನ ತುದಿ ಕಪ್ಪಾಗಿ ಕೊಳೆಯುವುದು ಕ್ಯಾಲ್ಸಿಯಂ ಸಾಲದ್ದರ ಗುರುತು.

ಆದರೆ ಎಲೆಯ ಬಣ್ಣವೊಂದೇ ನಿರ್ಣಾಯಕವಲ್ಲ. ದ್ರಾವಣದ ಆಮ್ಲತೆ ಕಡಿಮೆಯಾದರೆ ಕಬ್ಬಿಣವಿದ್ದೂ ಗಿಡಕ್ಕೆ ದಕ್ಕುವುದಿಲ್ಲ. ಒಂದು ಲವಣ ಅತಿಯಾದರೆ ಇನ್ನೊಂದರ ಹೀರಿಕೆ ಕುಗ್ಗುತ್ತದೆ. ಆದ್ದರಿಂದ ಶಂಕಿಸಿದ ಅಂಶವೊಂದನ್ನೇ ಕೊಟ್ಟು ಗುಣ ಕಾಣುವುದೇ ಎಂದು ನೋಡುವುದು ಅಗತ್ಯ. ಒಂದು ಮೂಲವಸ್ತುವನ್ನು ಸಸ್ಯಕ್ಕೆ ಅತ್ಯಗತ್ಯವೆಂದು ಕರೆಯಲು ಬೇಕಾದ ನಿಯಮಗಳನ್ನು ಆರ್ನನ್ ಮತ್ತು ಸ್ಟೌಟ್ ೧೯೩೯ರಲ್ಲಿ ಇದೇ ಪ್ರಯೋಗಾಲಯದಿಂದ ಪ್ರಕಟಿಸಿದರು.

ಗೌರವಗಳು ಮತ್ತು ನಿಧನ

೧೯೨೯ರಲ್ಲಿ ಹೋಗ್ಲ್ಯಾಂಡ್ ಅವರಿಗೆ ಸ್ಟೀಫನ್ ಹೇಲ್ಸ್ ಪುರಸ್ಕಾರ ದೊರೆಯಿತು. ೧೯೩೪ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸದಸ್ಯರಾದರು. ೧೯೪೨ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ನೀಡಿದ ಉಪನ್ಯಾಸಗಳು, ಸಸ್ಯಗಳ ಖನಿಜ ಪೋಷಣೆಯನ್ನು ಕುರಿತ ಗ್ರಂಥವಾಗಿ ೧೯೪೪ರಲ್ಲಿ ಪ್ರಕಟವಾದವು. ೧೯೪೯ರ ಸೆಪ್ಟೆಂಬರ್ ೫ರಂದು ಕ್ಯಾಲಿಫೋರ್ನಿಯಾದಲ್ಲಿ ನಿಧನರಾದರು. ಡೇವಿಸ್ ಕೇಂದ್ರದ ಒಂದು ಕಟ್ಟಡಕ್ಕೆ ಅವರ ಹೆಸರಿಡಲಾಗಿದೆ.

ಭಾರತ ಮತ್ತು ಕರ್ನಾಟಕದ ಸಂದರ್ಭ

ಹೋಗ್ಲ್ಯಾಂಡ್ ಅವರ ಕಾಲದ ಅನಂತರ ಸತುವಿನ ಕೊರತೆಯು ಭಾರತದಲ್ಲಿಯೂ ಗುರುತಿಸಲ್ಪಟ್ಟಿತು. ಭತ್ತದ ಖೈರಾ ರೋಗಕ್ಕೆ ಸತುವಿನ ಅಭಾವವೇ ಕಾರಣವೆಂದು ೧೯೬೬ರಲ್ಲಿ ಪಂತ್‌ನಗರದ ಕೃಷಿ ವಿಶ್ವವಿದ್ಯಾಲಯದ ವೈ. ಎಲ್. ನೆನೆ ತೋರಿಸಿದರು. ಕರ್ನಾಟಕ ಸರ್ಕಾರವು ಇಕ್ರಿಸ್ಯಾಟ್ ಸಂಸ್ಥೆಯ ನೆರವಿನಿಂದ ೨೦೦೯ರಲ್ಲಿ ಆರಂಭಿಸಿದ ಭೂಚೇತನ ಯೋಜನೆ ಮೊದಲ ಹಂತದಲ್ಲಿಯೇ ಹಾವೇರಿ ಜಿಲ್ಲೆಯನ್ನು ಒಳಗೊಂಡಿತ್ತು. ಮಣ್ಣಿನ ಪರೀಕ್ಷೆಯಲ್ಲಿ ಸತು, ಬೋರಾನ್ ಮತ್ತು ಗಂಧಕದ ಕೊರತೆ ವ್ಯಾಪಕವಾಗಿ ಕಂಡುಬಂದುದರಿಂದ ಇವುಗಳನ್ನು ಗೊಬ್ಬರದೊಂದಿಗೆ ನೀಡುವಂತೆ ರೈತರಿಗೆ ಸಲಹೆ ಮಾಡಲಾಯಿತು.

ರಾಣೆಬೆನ್ನೂರು ತಾಲ್ಲೂಕಿನ ಹಲಗೇರಿ, ಹನುಮನಮಟ್ಟಿ ಮೊದಲಾದ ಊರುಗಳ ಸೀಮೆಯಲ್ಲಿ ಮೆಕ್ಕೆಜೋಳ, ಹತ್ತಿ ಮತ್ತು ಮೆಣಸಿನಕಾಯಿ ಮುಖ್ಯ ಬೆಳೆಗಳು. ಮೆಕ್ಕೆಜೋಳದ ಎಳೆಯ ಎಲೆಗಳಲ್ಲಿ ಬಿಳಿಯ ಪಟ್ಟೆ ಮೂಡಿದರೆ ಅದು ಸಾಮಾನ್ಯವಾಗಿ ಸತುವಿನ ಕೊರತೆಯ ಲಕ್ಷಣ. ಸುಣ್ಣದ ಅಂಶ ಹೆಚ್ಚಿರುವ ಕಪ್ಪು ಮಣ್ಣಿನಲ್ಲಿ ಚಿಗುರು ಬಿಳಚಿದರೆ ಅದು ಕಬ್ಬಿಣದ ಕೊರತೆಯೂ ಆಗಿರಬಹುದು. ಹಳದಿ ಎಲೆಗೆಲ್ಲ ಯೂರಿಯಾ ಹಾಕುವುದರಿಂದ ಈ ಎರಡೂ ಗುಣವಾಗುವುದಿಲ್ಲ; ಖರ್ಚು ಹೆಚ್ಚಿ, ಬೆಳೆಯ ಕಾಲ ಕಳೆದುಹೋಗುತ್ತದೆ. ಮಣ್ಣು ಮತ್ತು ಎಲೆಯ ಪರೀಕ್ಷೆಯ ಅನಂತರವೇ ಪೋಷಕಾಂಶ ನೀಡಬೇಕೆಂಬ ಇಂದಿನ ಕೃಷಿ ಶಿಫಾರಸಿನ ಹಿಂದೆ ಹೋಗ್ಲ್ಯಾಂಡ್ ಮತ್ತು ಅವರ ಸಮಕಾಲೀನರು ರೂಪಿಸಿದ ಪರೀಕ್ಷಾ ಕ್ರಮವಿದೆ.